ಎಷ್ಟು ಕೋಟು

ಬೆಳಗಾವಿ ಕ್ಯಾಂಪಿನ ಹೈ ಸ್ಟ್ರೀಟ್ ಹಿಂದ, ಬೇಕರಿ ಮ್ಯಾಲಿನ ಖೋಲಿ.
ಸಾಗವಾನಿ ಹಲಗಿ, ಖಾನಾಪುರದ ಅಡವೀದು ಅಂತಾರ ಮಾಲಕರು.
ಇಪ್ಪತ್ತೆರಡು ವರ್ಷ ಇಲ್ಲೇ ಕುಂತು ಕಾಜಾ ಹಾಕೀನಿ,
ಒಂದು ದಿನಾನೂ ಕೆಳಗ ನೋಡಿರಲಿಲ್ಲ.
ಈಗ ಬಾಡಿಗಿ ಪಾವತಿ ನನ್ನ ಹೆಸರಿಲೆ ಐತಿ. ನೋಡಾಕತ್ತೀನಿ.

"ಎಷ್ಟು ಕೋಟು ಹೊಡೀಲ್ರಿ ಅಕ್ಕಾರ?" ಅಂದ ಪಾಲಿಶ್ ಖತಾಲಸಾಬ.
ನಗು ಬಂತು.
ಈ ಗ್ವಾಡಿ ಆ ಮಾತು ಎಷ್ಟು ಸಲ ಕೇಳ್ಯಾವ:
ಎಷ್ಟು ಕೋಟು ಆದವು, ಎಷ್ಟು ಕೋಟು ಉಳದವು,
ಪರೇಡಿಗೆ ನಾಕ ದಿನ, ಗುಂಡಿ ಹಚ್ಚ ಲಗೂನ.
ಅವು ಪಲ್ಟಣದ ಕೋಟು, ಹಿತ್ತಾಳಿ ಗುಂಡಿ.
ಇವ ಕೇಳೂದು ಡಬ್ಬಿಯೊಳಗಿನ ಕೋಟು.

ತುಂಡು ಹಲಗಿ ಮೂರು ತಂದಿದ್ದ.
ಒಂದಕ್ಕ ಪಿಯು. ಬಗ್ಗಿ ನೋಡಿದ್ರ
ನನ್ನ ಮೂಗಬಟ್ಟು ಕಂಡಿತು.
ಒಂದಕ್ಕ ಅರಗಿನ ಪಾಲಿಶ್, ಹಳೇ ಬೆಲ್ಲದ ಬಣ್ಣ.
"ಬಿಸಿ ಚಾದ ಕಪ್ಪ ಇಟ್ಟರ ಬೆಳ್ಳನ ಉಂಗರ ಬೀಳತೈತ್ರಿ."
ಒಂದಕ್ಕ ಅಗಸಿ ಎಣ್ಣಿ.
ಮೂಸಿದ್ರ ರೊಟ್ಟಿ ನೆನಪಾತು, ಹಿಂಡಿ ನೆನಪಾತು.
ಬಾಯಾಗ ಹೋಗೂದು ಕಾಲಾಗ ಯಾಕ ಅಂದೆ.
ಪಿಯು ಇರಲಿ. ಮದವಿ ಬ್ಲೌಸ್ ಹೊಲಿಸಾಕ ಬರೋರು
ಹೊಳಿಯೂದು ಕಂಡ್ರಷ್ಟ ಪಾವಟಿಗಿ ಹತ್ತತಾರ.

ಉಜ್ಜೋ ಮಷಿನ್ ಹಚ್ಚೂಕಿಂತ ಮೊದಲ
ಹಗ್ಗಕ್ಕ ಅಯಸ್ಕಾಂತ ಕಟ್ಟಿ
ಹಟಮಾರಿ ಎಮ್ಮಿ ಎಳದಂಗ ಎಳಕೋತ ಹೋದ.
ಸಂದಿಯೊಳಗಿಂದ ಎದ್ದು ಬಂದವು
ಟಾಚಣಿ, ಮುರದ ಸೂಜಿ, ಜಂಗ ಹಿಡದ ಒಂದು ಬಾಬಿನ್,
ಎಲ್ಲಾ ಕೂಡಿ ಅರ್ಧ ಸೇರು.
ನಾಷ್ಟಾದ ತಾಟಿನ್ಯಾಗ ಸುರುವಿ
"ನಿಮ್ಮವೇನ್ರಿ?" ಅಂದ.
ಕೆಲವು ನನ್ನವು ಇರಬೇಕು. ಗುರ್ತ ಹೆಂಗ ಹಿಡೀಲಿ.

ಧೂಳಿ ಕುಂತಿತು. ಮೊದಲನೇ ಕೋಟು ಬಿತ್ತು.
ಮರದಿನ ಕೀಲಿ ತಗದು ನೋಡಿದ್ರ
ಹನ್ನೊಂದು ಕಡೆ ಪಾಲಿಶ್ ಹಿಂದ ಸರದಿತ್ತು,
ಕಾದ ಹಂಚಿನ ಮ್ಯಾಲ ನೀರು ಓಡಾಡಿದಂಗ,
ಮೀನಿನ ಕಣ್ಣು ಕಣ್ಣು.
ಹನ್ನೊಂದು ಮಷಿನ್ ನಿಂತ ಜಾಗ.
ಇದು ಪಿಸೆ ಮಾಸ್ತರದು, ಅದು ರಾಚೋಟಿದು,
ಆ ದೊಡ್ಡದು ಗುಲಾಬನದು: ಅಂವ ಎಣ್ಣಿ ಬಿಡೂದ್ರಾಗ ಧಾರಾಳಿ,
ಸಂಬಳ ತಡ ಆದಾಗಂತೂ ಇನ್ನೂ ಧಾರಾಳಿ.
ನಲವತ್ತು ವರ್ಷ ಹನಿ ಹನಿ ಇಳದು
ಕಟಗಿ ಎಲುವಿನ ತನಕ ಹೋಗಿತ್ತು.
"ಎಣ್ಣಿ ಕುಡದ ಕಟಗಿ ಇದನ್ನ ಒಪ್ಪೂದಿಲ್ರಿ.
ಎಷ್ಟ ಉಜ್ಜಿದ್ರೂ ಮ್ಯಾಲ ಬರತೈತಿ."

ಉಳಿದದ್ದು ಚಲೋನ ಹಿಡದಿತ್ತು.
ಎಲ್ಲಾಕ್ಕಿಂತ ಚಲೋ ಕಿಡಕಿ ಕೆಳಗ,
ಒಂದು ಚಾಪಿಯಷ್ಟು ಜಾಗ. ಕನ್ನಡಿ.
ಸೂಜಿಗೆ ಎಣ್ಣಿ ಬೇಕಾಗಂಗಿಲ್ಲಲ್ಲ.
ಖತಾಲಸಾಬ ಅದರ ಮ್ಯಾಲ ಅಂಗೈ ಆಡಿಸಿ, ಖುಷಿಲೆ,
"ಇಲ್ಲಿ ಯಾರೂ ಕುಂತಿದ್ದಿಲ್ಲ ಕಾಣತೈತಿ" ಅಂದ.

ಚಾ ತರತೀನಂತ ಕೆಳಗ ಹೋದೆ.
ಬೇಕರ್ಯಾಗ ಖಾರಿ ಕಟ್ಟೂತನಕ ನಿಂತೆ.
ಮ್ಯಾಲ ಬಂದು ಅಂದೆ: ಎಲ್ಲಾ ತಗಿ. ಅಗಸಿ ಹಾಕು.

ಅವ ಸಿಟ್ಟಾದ. ಒಣಗಾಕ ವಾರಗಟ್ಟಲೆ ಬೇಕು,
ಮಳಿಗಾಲ ಬ್ಯಾರೆ ಬಂತು, ಮಾಡಿದ್ದ ಮತ್ತ ಮಾಡಬೇಕು, ರೊಕ್ಕ.
ಹೂಂ ಅಂದೆ. ಎಲ್ಲಾದಕ್ಕೂ ಹೂಂ.

ಅರಿವಿ ಮುದ್ದಿ ಮಾಡಿ, ಮಣಕಾಲೂರಿ ತಿಕ್ಕಿಕೋತ ಬಂದ.
ಹನ್ನೊಂದು ಕಡೆ ಎಣ್ಣಿ ಮ್ಯಾಲ ನಿಂತಿತು,
ಪಂಕ್ತ್ಯಾಗ ಉಂಡವರು ಎಲಿ ಮ್ಯಾಲ ಕೈ ಅಡ್ಡ ಹಿಡದಂಗ.
ಒರಸಿ ತಗದ.
ಕಿಡಕಿ ಕೆಳಗ ಬಂದಾಗ
ಹಚ್ಚಿದ್ದು ಹಚ್ಚಿದಂಗ ಮಾಯ.
ಮತ್ತ ಹಚ್ಚಿದ. ಅದೂ ಹೋತು.
"ಇಲ್ಲಿ ಇನ್ನೊಂದು ಕೋಟು ಬೇಕು" ಅಂದ,
ನನ್ನ ಮಾರಿ ನೋಡದ.

ಸಂಜೀಮುಂದ ಎಣ್ಣಿ ಅರಿವಿ ಬಕೀಟಿನ ನೀರಾಗ ಅದ್ದಿದ.
ಮುದ್ದಿ ಮಾಡಿ ಮೂಲ್ಯಾಗ ಒಗದ್ರ
ತಾವ ಬೆಂಕಿ ಹಿಡೀತಾವಂತ, ಕಡ್ಡಿ ಬೇಕಾಗಿಲ್ಲಂತ.
ಒಂದೊಂದ ಹಿಂಡಿ ಕಠಡಾಕ್ಕ ಹರವಿದೆ.
ಕೆಳಗಿಂದ ಬೇಕರಿಯವ ಕತ್ತ ಎತ್ತಿ ಕೂಗಿದ:
ಏನ ಮ್ಯಾಲ ಘಮ್ಮಂತ,
ಹಿಂಡಿ ಕುಟ್ಟಾಕತ್ತೀರೇನ?